ಎದ್ದು ನಿಂತ ಬೀಳು

ನನ್ನ ಕಾಲುಚೀಲಗಳಿಗೆ ನಮ್ಮ ಮನೆಯೊಳಗೆ ಪ್ರವೇಶ ನಿಷಿದ್ಧವಾಗಿ ಒಂದು ವರ್ಷವಾಯಿತು. ಹೊಲಕ್ಕೆ ಹೋಗಿ ಬಂದ ದಿನ ಅವುಗಳಿಗೆ ಅಂಟಿಕೊಂಡು ಬರುವ ಹುಲ್ಲಿನ ಮುಳ್ಳು, ಕೊಕ್ಕೆಯಂಥ ಬೀಜ, ಹೆಸರೇ ಗೊತ್ತಿಲ್ಲದ ಹತ್ತಾರು ಅಂಟುಪದಾರ್ಥಗಳು ಬಟ್ಟೆ ಒಗೆಯುವ ಮಷೀನಿನೊಳಗಿಂದ ನನ್ನ ಹೆಂಡತಿಯ ರವಿಕೆಗಳಿಗೆ ವಲಸೆ ಹೋದ ಮೇಲೆ ಈ ಕಾನೂನು ಜಾರಿಯಾಯಿತು. ಹೀಗಾಗಿ ಸಂಜೆ ಐದರ ಸುಮಾರಿಗೆ ನೀವು ರಾಣೆಬೆನ್ನೂರಿನ ನಮ್ಮ ಓಣಿಯಲ್ಲಿ ಹಾದುಹೋದರೆ, ಕಟ್ಟೆಯ ಮೇಲೆ ಕುಳಿತು ಕಾಲುಚೀಲದಿಂದ ಒಂದೊಂದೇ ಬೀಜ ಕೀಳುತ್ತ ತನ್ನಷ್ಟಕ್ಕೆ ನಗುತ್ತಿರುವ ನಿವೃತ್ತ ಕನ್ನಡ ಮಾಸ್ತರನೊಬ್ಬನನ್ನು ಕಾಣಬಹುದು. ಅವನ ತಲೆ ಕೆಟ್ಟಿಲ್ಲ. ಅವನಿಗೊಂದು ಕಾಡು ಸಿಕ್ಕಿದೆ, ಅದೂ ಅವನ ಯಾವ ಪ್ರಯತ್ನವೂ ಇಲ್ಲದೆ.

ಪ್ರಯತ್ನ ಮಾಡಲಿಲ್ಲವೆಂದಲ್ಲ. ಬ್ಯಾಡಗಿಯ ದಾರಿಯಲ್ಲಿ, ಗುಡ್ಡದ ಇಳುಕಲಿಗೆ, ನಮ್ಮಪ್ಪ ಬಿಟ್ಟುಹೋದ ನಾಲ್ಕು ಎಕರೆ ಕಲ್ಲುಮಿಶ್ರಿತ ಗರಸು ನೆಲವುಂಟು. ಅರ್ಧ ನನ್ನದು, ಅರ್ಧ ಹಾವೇರಿಯಲ್ಲಿರುವ ನನ್ನ ಅಕ್ಕ ಗಂಗಕ್ಕನದು. ಸೇವೆಯಲ್ಲಿದ್ದಷ್ಟು ಕಾಲವೂ ಶಾಲೆಯ ವನಮಹೋತ್ಸವಗಳಲ್ಲಿ ತಪ್ಪದೆ ಭಾಷಣ ಮಾಡಿದವನ ವಾಣಿಗೆ ಕೃತಿಯ ಬೆಂಬಲ ಬೇಡವೇ ಎಂದುಕೊಂಡು, ನಿವೃತ್ತನಾದ ಮಳೆಗಾಲದಲ್ಲೇ ನಾನು ಅಲ್ಲಿ ಅರಣ್ಯಪರ್ವವನ್ನು ಆರಂಭಿಸಿದೆ. ಸಾಗುವಾನಿ, ಸಿಲ್ವರ್ ಓಕ್, ಆಪೂಸ್ ಮಾವು ಎಲ್ಲವನ್ನೂ ಸಾಲುಹಿಡಿದು ನೆಟ್ಟು, ಪ್ರತಿ ಸಸಿಯ ಪಕ್ಕ ಒಂದು ಗೂಟಕ್ಕೆ ನನ್ನ ಮುದ್ದಾದ ಕೈಬರಹದ ತಗಡಿನ ಫಲಕವನ್ನೂ ನಿಲ್ಲಿಸಿದೆ. ಬೇಸಿಗೆ ಕಳೆಯುವಷ್ಟರಲ್ಲಿ ಸಸಿಗಳು ಹೋಗಿ ಫಲಕಗಳಷ್ಟೇ ಉಳಿಯುತ್ತಿದ್ದವು. ಮೂರನೆಯ ವರ್ಷ, ಆಗಷ್ಟೇ ನೆಟ್ಟ ಮಾವಿನ ಸಸಿಯ ಅಂದವನ್ನು ತುಸು ದೂರದಿಂದ ನೋಡೋಣವೆಂದು ಎರಡು ಹೆಜ್ಜೆ ಹಿಂದೆ ಸರಿದವನು, ನಾನೇ ತೋಡಿಸಿದ ಮುಂದಿನ ಗುಂಡಿಯಲ್ಲಿ ಬಿದ್ದು ಕಾಲಿನ ಎಲುಬು ಮುರಿದುಕೊಂಡೆ. ಮೊದಲು ಪ್ಲಾಸ್ಟರಿನ ನೆಪ, ಆಮೇಲೆ ಹೆಂಡತಿಯ ಹೆದರಿಕೆ, ಕೊನೆಗೆ ಯಾವ ಅಲಂಕಾರವೂ ಬೇಡದ ಶುದ್ಧ ಸೋಮಾರಿತನ: ನಾಲ್ಕು ವರ್ಷ ನಾನು ಆ ಕಡೆ ತಲೆಹಾಕಲಿಲ್ಲ.

ಹೋದ ವರ್ಷ ಅಕ್ಕನ ಫೋನು ಬಂತು. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರಿಗೆ ಕಾಯಿ ಒಣಗಿಸಲು ಸಪಾಟಾದ ಬಯಲು ಬೇಕಿತ್ತು. ಆಕೆ ಮಾತು ಕೊಟ್ಟೂ ಆಗಿತ್ತು.

"ಬೀಳು ಬಿದ್ದ ನೆಲ, ಯಾರಿಗರೆ ಉಪಯೋಗಕ್ಕ ಬರಲಿ ತಮ್ಮಾ. ನೀ ಅಂತೂ ಅದರಾಗ ಬರೇ ಬೋರ್ಡ್ ಬೆಳದಿ."

ಹೂಂ ಎಂದೆ. ನೆಲ ಸವರಲು ಜೆಸಿಬಿ ಬರುವುದೆಂದೂ, ನಾವು ಹೋಗಿ ಗಡಿಕಲ್ಲು ತೋರಿಸಿದರೆ ಸಾಕೆಂದೂ ನಿಶ್ಚಯವಾಯಿತು.

ಜೂನಿನ ಮೊದಲ ಮಳೆಗಳು ಬಿದ್ದಿದ್ದವು. ಎಪ್ಪತ್ತೆರಡರ ಗಂಗಕ್ಕ ಇಳಕಲ್ಲ ಸೀರೆಯುಟ್ಟು ಹಾವೇರಿಯಿಂದ ರೈಲಿನಲ್ಲಿ ಬಂದಳು. ಸ್ಟೇಷನ್ನಿನಿಂದ ಆಟೋ ಹಿಡಿದೆವು. ಆಟೋ ನಿಂತಾಗ ನಾನು, ಇದು ನಮ್ಮ ಹೊಲವಲ್ಲ, ಮುಂದೆ ನಡೆ ಎಂದೆ. ಮುಂದೆ ಹೋದೆವು, ಮತ್ತೆ ಹಿಂದೆ ಬಂದೆವು. ರಸ್ತೆಯ ಬದಿಯಲ್ಲಿ ಆಡು ಕಾಯುತ್ತಿದ್ದ ಇಮಾಮಸಾಬ, ಪಕ್ಕದ ಹೊಲದವನು, ನಮ್ಮ ಓಡಾಟವನ್ನು ಎರಡು ಸಲ ನೋಡಿ ಕೈಯೆತ್ತಿದ.

"ಇದ ರೀ ಸರ. ನಿಮ್ಮದ."

ನಾನು ಕಂಡದ್ದನ್ನು ಹೇಗೆ ಹೇಳಲಿ? ಬೋಳುಗುಡ್ಡವಿದ್ದಲ್ಲಿ ತಲೆಯೆತ್ತರ ಹಸಿರು ನಿಂತಿತ್ತು. ಬೋರೆಹಣ್ಣಿನ ಬಾರೀ ಗಿಡ, ಮುತ್ತಲ, ಮುಳ್ಳಿನ ಕವಳಿ ಪೊದೆ, ಹಳದಿ ಹೂವಿನ ತಂಗಡಿ; ಅವುಗಳ ನಡುವೆ ಎಳೆಯ ಬೇವುಗಳು. ಒಳಗೆಲ್ಲೋ ಹಕ್ಕಿಗಳು ಒಂದೇ ಸಮನೆ ಜಗಳಾಡುತ್ತಿದ್ದವು. ಬೀಳು ಎಂದರೆ ಬಿದ್ದದ್ದು ಎಂದು ಮಕ್ಕಳಿಗೆ ಪದದ ಮೂಲ ಬಿಡಿಸಿ ಹೇಳಿದವನು ನಾನು; ನನ್ನ ವ್ಯಾಕರಣವೇ ಎದುರಿಗೆ ಎದ್ದು ನಿಂತಿತ್ತು.

"ಯಾರು ನೆಟ್ಟರೋ ಇದನ್ನ?" ಎಂದು ಕೇಳಿದೆ.

"ಯಾರೂ ಇಲ್ಲರೀ," ಎಂದ ಇಮಾಮಸಾಬ. "ಸರ ಕಾಲು ಮುರಕೊಂಡು ಮನ್ಯಾಗ ಮಲಗ್ಯಾರ, ಅಂಥಾದ್ರಾಗ ಅವರ ಸಸಿ ನನ್ನ ಆಡು ತಿಂದ್ರ ಏನ್ ಚಂದ ಅಂತ ಬೇಲಿ ಸಂದಿಗೆಲ್ಲಾ ಜಾಲಿಮುಳ್ಳು ಹಚ್ಚಿದೆ. ನೀವು ಬರಲೇ ಇಲ್ಲ. ಕಾಲು ಇನ್ನೂ ಆರಾಮ ಆಗಿಲ್ಲ ಅಂತ ತಿಳಕೊಂಡು ವರ್ಷಾ ಹೊಸಾ ಮುಳ್ಳು ಹಚ್ಚಕೋತ ಬಂದೇನಿ. ಬೇರು ತೆಳಗ ಜೀವಂತ ಇದ್ದೂವ್ರಿ. ಮೊದಲ ನೇಗಿಲ ಕಡೀತಿತ್ತು, ಆಮ್ಯಾಲ ಆಡು ಕಡೀತಿದ್ದೂವು. ಎರಡೂ ಬಿಟ್ಟ ಕೂಡಲೆ ಎದ್ದೂವು."

ನನ್ನ ಕಾಲು ಮೂರೂವರೆ ವರ್ಷದ ಹಿಂದೆಯೇ ನೆಟ್ಟಗಾಗಿತ್ತೆಂದು ಹೇಳುವ ಧೈರ್ಯ ನನಗಾಗಲಿಲ್ಲ. ಆ ದಿನದಿಂದ ಇಮಾಮಸಾಬನ ಕಣ್ಣಳತೆಯಲ್ಲಿ ಸ್ವಲ್ಪ ಕುಂಟುವುದನ್ನು ರೂಢಿಸಿಕೊಂಡಿದ್ದೇನೆ.

ನನ್ನ ಪಾಲೂ ಇದರಲ್ಲಿ ಇಲ್ಲದಿರಲಿಲ್ಲ. ತಗಡಿನ ಫಲಕಗಳ ಮೇಲೆ ಹಕ್ಕಿಗಳು ಕುಳಿತು, ತಿಂದ ಹಣ್ಣಿನ ಬೀಜಗಳನ್ನು ಅಲ್ಲೇ ವಿಸರ್ಜಿಸಿದ್ದವು. 'ಸಾಗುವಾನಿ'ಯ ಅಡಿಯಲ್ಲಿ ಬೇವು, 'ಆಪೂಸ್ ಮಾವು' ಎಂಬಲ್ಲಿ ಬಾರೀ ಗಿಡ. ನನ್ನ ಸಾಹಿತ್ಯದಿಂದ ಯಾರಿಗಾದರೂ ಪ್ರಯೋಜನವಾದದ್ದು ಅದೇ ಮೊದಲು.

ಆದರೆ ರಸ್ತೆಯ ಮೇಲೆ ಜೆಸಿಬಿ ಬಂದು ಗುರುಗುಟ್ಟುತ್ತಿತ್ತು. ಮಾತು ಕೊಟ್ಟವಳು ಅಕ್ಕ, ಹೂಂ ಎಂದವನು ನಾನು. ಬೇಡವೆನ್ನಬೇಕೆಂದು ನಾಲಿಗೆಯ ತುದಿಗೆ ಬಂದರೂ, ಬರೇ ಬೋರ್ಡ್ ಬೆಳೆದವನಿಗೆ ಯಾವ ಅಧಿಕಾರ? ಮೇಲಿನ ಮೂಲೆಯಲ್ಲಿದ್ದ ಗಡಿಕಲ್ಲು ಹುಡುಕಲು ಮೂವರೂ ಒಳಗೆ ನುಗ್ಗಿದೆವು. ಹತ್ತು ನಿಮಿಷದೊಳಗೆ ನಾನು ಇಮಾಮಸಾಬನನ್ನು ಕಳೆದುಕೊಂಡೆ. ಇನ್ನಷ್ಟು ಹೊತ್ತಿಗೆ ಅಕ್ಕನೂ ಕಾಣದಾದಳು. ಅಪ್ಪನ ಹೊಲದಲ್ಲಿ ಅಪ್ಪನ ಮಗ ದಾರಿ ತಪ್ಪಿದ್ದ. ಹೆದರಬೇಕಾದ ಜಾಗದಲ್ಲಿ ನನಗೆ ನಗು ಒತ್ತರಿಸಿ ಬಂತು. ಕಣ್ಣೊರೆಸಿಕೊಳ್ಳುತ್ತ, ಧೋತರದ ಚುಂಗನ್ನು ಒಂದು ಮುಳ್ಳಿನಿಂದ ಬಿಡಿಸಿ ಇನ್ನೊಂದಕ್ಕೆ ಒಪ್ಪಿಸುತ್ತ, "ಅಕ್ಕಾ" ಎಂದು ಕೂಗುತ್ತ ಸುತ್ತಿದೆ. ಉತ್ತರವಿಲ್ಲ. ಮೂರನೆಯ ಸುತ್ತಿಗೆ ನಗು ಕರಗಿತು; ಪೊದೆಗಳ ಅಡಿಯೆಲ್ಲ ಬಗ್ಗಿ ನೋಡತೊಡಗಿದೆ. ಇಮಾಮಸಾಬನೂ ಬೇರೆ ದಿಕ್ಕಿನಿಂದ "ಅಕ್ಕಾರ" ಎನ್ನುತ್ತಿದ್ದ.

ಆಕೆ ಸಿಕ್ಕಿದ್ದು ಮೇಲಿನ ಮೂಲೆಯ ಒಂದು ಬೇವಿನ ನೆರಳಿನಲ್ಲಿ. ಸೀರೆಯ ನೆರಿಗೆ ಹರಡಿಕೊಂಡು ಕುಳಿತಿದ್ದಳು. ನಾಲಿಗೆ ತುಟಿಗಳೆಲ್ಲ ಕವಳಿಹಣ್ಣಿನ ನೇರಳೆ ಬಣ್ಣ. ಓ ಎನ್ನಬಾರದಿತ್ತೇ ಎಂದು ಗದರಿಸಹೋದವನಿಗೆ ಬೆರಳೆತ್ತಿ ಸುಮ್ಮನಿರೆಂದಳು. ಅವಳ ಚಪ್ಪಲಿಯಿಂದ ಮಾರುದೂರದಲ್ಲಿ ಗೌಜಲಕ್ಕಿಯೊಂದು ಐದಾರು ಮರಿಗಳನ್ನು ಹಿಂದೆ ಹಾಕಿಕೊಂಡು, ನಮ್ಮ ಯಾರ ಅಪ್ಪಣೆಗೂ ಕಾಯದೆ ಹಾದುಹೋಗುತ್ತಿತ್ತು. ಅದು ಪೊದೆಯೊಳಗೆ ಸೇರಿದ ಮೇಲೆ ಮೆಲ್ಲಗೆ ಹೇಳಿದಳು:

"ಅಪ್ಪ ಬುತ್ತಿ ಉಣ್ಣಾಕ ನೆಳ್ಳ ಹುಡಿಕ್ಕೋತ ರಸ್ತಾದ ತನಕ ನಡಕೋತ ಹೋಗತಿದ್ದ ತಮ್ಮಾ. ಒಂದ ಗಿಡಾ ಇರಲಿಲ್ಲ ಇಲ್ಲಿ."

ಅಷ್ಟರಲ್ಲಿ ಕಾದು ಬೇಸತ್ತ ಜೆಸಿಬಿ ಚಾಲಕ, ಮೀಸೆ ನರೆತ ದೊಡ್ಡ ಆಳು, ಪೊದೆ ಸರಿಸುತ್ತ ನಮ್ಮನ್ನು ಹುಡುಕಿಕೊಂಡು ಬಂದ.

"ಅಮ್ಮಾರ, ಕಲ್ಲು ಎಲ್ಲೈತ್ರಿ? ಶುರು ಮಾಡತೇನಿ."

"ಸಿಗವಲ್ದಪಾ," ಎಂದಳು ಗಂಗಕ್ಕ.

ನೆರಿಗೆಯ ಅಂಚಿನಿಂದ ಉಳಿಯ ಗುರುತಿನ ಗಡಿಕಲ್ಲಿನ ಮೂಲೆಯೊಂದು ಹೊರಗಿಣುಕುತ್ತಿತ್ತು. ನಾನು ನೋಡಿದೆ. ಇಮಾಮಸಾಬ ನೋಡಿ ಆಕಾಶದ ಕಡೆ ಮುಖ ಮಾಡಿದ. ಚಾಲಕನೂ ನೋಡಿದನೆಂದೇ ನನ್ನ ಅನುಮಾನ. ಆದರೆ ಅವನ ಮುಷ್ಟಿಯಲ್ಲೂ ಕವಳಿಹಣ್ಣುಗಳಿದ್ದವು.

"ಹಂಗಾರ ನಾ ಹೊಂಡಲಿರಿ?" ಎಂದ.

"ಹಣ್ಣು ತಿಂದು ಹೋಗು," ಎಂದಳು ಅಕ್ಕ. ಅವನು ಹೋದ ಮೇಲೆ ಕಲ್ಲಿನ ಮೇಲೆ ಕುಳಿತೇ ವ್ಯಾಪಾರಿಗೆ ಫೋನು ಹಚ್ಚಿ, ಇದ್ದದ್ದನ್ನು ಇದ್ದಂತೆ ಹೇಳಿದಳು: "ಸಾಹುಕಾರ್ರ, ಬೀಳು ಕೊಡತೇನಿ ಅಂದಿದ್ದೆ. ಇಲ್ಲಿ ಬೀಳು ಉಳದಿಲ್ಲರಿ, ಗಿಡಾ ಎದ್ದಾವು. ನನ್ನ ಕೈಲೆ ಕಡಸೂದು ಆಗೂದಿಲ್ಲ. ತಪ್ಪು ತಿಳೀಬ್ಯಾಡ್ರಿ." ಆ ಪುಣ್ಯಾತ್ಮರು ತಪ್ಪು ತಿಳಿಯಲಿಲ್ಲ, ಅವರಿಗೆ ಬೇರೊಂದು ಬಯಲು ಸಿಕ್ಕಿತು.

ಈಗ ಗಂಗಕ್ಕ ಹದಿನೈದು ದಿನಕ್ಕೊಮ್ಮೆ ರೈಲಿನಲ್ಲಿ ಬರುತ್ತಾಳೆ. ಮನೆಯವರಿಗೆ, ಹೊಲದಾಗ ಭಾಳ ಕೆಲಸ ಐತಿ ಎಂದು ಹೇಳಿ ಬರುವುದಂತೆ. ನಾವು ಮಾಡುವ ಕೆಲಸವೆಂದರೆ ಏನೂ ಮಾಡದಿರುವುದು. ನನ್ನಂಥ ಭಾಷಣಕಾರನಿಗೆ ಅದು ಕಠಿಣ ಸಾಧನೆ. ಒಂದು ಸಾಲು ನೇರಮಾಡಲೆಂದು ನಾನು ಕೊಂಬೆಗೆ ಕೈಹಾಕಿದರೆ ಸಾಕು, "ತಮ್ಮಾ, ಕೈ ತಗೀ" ಎಂಬ ಧ್ವನಿ ಯಾವುದೋ ಪೊದೆಯಿಂದ ಬರುತ್ತದೆ.

ಈಚೆಗೆ ಬೆಳೆ ಸಮೀಕ್ಷೆಗೆಂದು ಹೆಣ್ಣುಮಗಳೊಬ್ಬಳು ಬಂದಳು. ಹೊಲದ ಫೋಟೋ ತೆಗೆದು, ಬೆಳೆಯ ಹೆಸರನ್ನು ಫೋನಿನಲ್ಲಿ ತುಂಬುವುದು ಅವಳ ಕೆಲಸ. "ಏನ್ ಬೆಳಿ ಐತ್ರಿ ಅಮ್ಮಾರ?" ಎಂದು ಕೇಳಿದಳು.

"ತಾನ ಬೆಳದದ್ದು ಅಂತ ಬರಕೋ," ಎಂದಳು ಗಂಗಕ್ಕ.

ಆ ಹೆಣ್ಣುಮಗಳು ಫೋನಿನ ಪರದೆಯನ್ನು ಮೇಲೆ ಕೆಳಗೆ ಸರಿಸಿ ನೋಡಿದಳು. ಗೋವಿನಜೋಳವಿತ್ತು, ಹತ್ತಿಯಿತ್ತು, ಮೆಣಸಿನಕಾಯಿಯಿತ್ತು. "ಅಂಥಾದ್ದು ಲಿಸ್ಟಿನ್ಯಾಗ ಇಲ್ಲರಿ," ಎಂದಳು.

"ಒಳಗ ಹೋಗಿ ನೋಡಿ ಬಾ ತಂಗಿ. ನೋಡಿ ನೀನ ಒಂದು ಹೆಸರ ಇಡು."

ಮುಕ್ಕಾಲು ತಾಸಾದ ಮೇಲೆ ಅವಳು ಹೊರಗೆ ಬಂದಳು. ಕುಂಕುಮ ಬೆವರಿಗೆ ಹರಡಿತ್ತು, ತೋಳಿನ ಮೇಲೆ ಒಂದೆರಡು ಗೀರು, ಫೋನಿನ ಬೆಳೆಯ ಕಾಲಂ ಇನ್ನೂ ಖಾಲಿ. ಇನ್ನೂ ಹನ್ನೊಂದು ಹೊಲ ನೋಡಬೇಕಿತ್ತಂತೆ. ಆದರೂ ಹೊರಡದೆ, ನಾವು ಕುಳಿತಲ್ಲಿಗೆ ಬಂದು ನಿಂತು, ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತ ಕೇಳಿದಳು:

"ಅಮ್ಮಾರ, ರವಿವಾರ ನಮ್ಮ ಅವ್ವನ್ನ ಕರಕೊಂಡ ಬರಲಿರಿ?"