ಕೆರೆಯೊಳಗೆ ನಾನು ಹಾಕಿದ ದಾರಿ

ಸರ್ವೆ ಇಲಾಖೆಯಲ್ಲಿ ಮೂವತ್ತಮೂರು ವರ್ಷ ಭೂಮಾಪಕನಾಗಿದ್ದು ನಿವೃತ್ತನಾದ ಮರುವರ್ಷದ ಮಾತಿದು. ಅದರಲ್ಲಿ ಹತ್ತೊಂಬತ್ತು ವರ್ಷ ಮಾಲೂರು ತಾಲ್ಲೂಕಿನಲ್ಲೇ ಕಳೆದಿದ್ದೆ. ಉಳಿದದ್ದು ಕೋಲಾರ, ಮುಳಬಾಗಿಲು, ಶ್ರೀನಿವಾಸಪುರ. ಅಳತೆಯ ಸರಪಳಿ ಹಿಡಿದು ನಡೆದ ಕಾಲು ಸುಮ್ಮನೆ ಕೂರುವುದಿಲ್ಲ. ತರಕಾರಿ ತರಲು ಹೋದರೂ ನಾನು ಹೆಜ್ಜೆ ಎಣಿಸುತ್ತೇನೆಂದು ನನ್ನ ಹೆಂಡತಿ ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದಳು.

ಹೀಗಿರುವಾಗ ಒಂದು ಮಾರ್ಚ್ ತಿಂಗಳಲ್ಲಿ ನಂದಿನಿ ಎಂಬಾಕೆ ಮನೆಗೆ ಬಂದಳು. ಮಾಲೂರಿನವಳೇ, ಮೂವತ್ತರ ಆಸುಪಾಸು, ಮೊದಲು ವ್ಯಾಯಾಮ ಶಿಕ್ಷಕಿಯಾಗಿದ್ದವಳು. ಊರಾಚೆಯವರನ್ನು ಕರೆಸಿ ನಮ್ಮ ಕಡೆಯ ಹಳ್ಳಿ, ಗುಡಿ, ಮಾವಿನ ತೋಪುಗಳನ್ನು ಸೈಕಲ್ಲಿನಲ್ಲಿ ತೋರಿಸುವ ಕೆಲಸ ಶುರುಮಾಡಿದ್ದಳು. ಹೆದ್ದಾರಿಯ ಲಾರಿಗಳ ನಡುವೆ ಜನರನ್ನು ಕರೆದೊಯ್ಯಲು ಆಕೆಗೆ ಧೈರ್ಯವಿರಲಿಲ್ಲ. ಮಾಲೂರಿನಿಂದ ಹೊರಟು ಕೋಲಾರ, ಕುರುಡುಮಲೆ, ಮುಳಬಾಗಿಲು ನೋಡಿಕೊಂಡು ಎರಡನೆಯ ದಿನ ಶ್ರೀನಿವಾಸಪುರ ಸೇರುವ ಹಾಗೆ ಒಳದಾರಿಗಳನ್ನು ಹುಡುಕಿಕೊಡಬೇಕೆಂದು ಕೇಳಿದಳು. ಹೊಟ್ಟೆ ತುಂಬಿದವನಿಗೆ ಹೋಳಿಗೆ ಬಡಿಸಿದ ಹಾಗಲ್ಲ, ಹಸಿದವನ ಮುಂದೆ ಎಲೆ ಹಾಕಿದ ಹಾಗಾಯಿತು ನನಗೆ. ಅಂದೇ ಗ್ರಾಮ ನಕ್ಷೆಗಳನ್ನು ಹೊರತೆಗೆದೆ.

ಗ್ರಾಮ ನಕ್ಷೆ ಎಂದರೆ ಒಂದು ಊರಿನ ಎಲ್ಲ ಸರ್ವೆ ನಂಬರುಗಳು, ಕೆರೆ, ಕಾಲುವೆ, ದಾರಿಗಳನ್ನು ತೋರಿಸುವ ಹಾಳೆ. ಅದರಲ್ಲಿ ಬಂಡಿ ದಾರಿಗೆ ಜೋಡಿ ಚುಕ್ಕೆಗೆರೆ, ಕಾಲುದಾರಿಗೆ ಒಂಟಿ ಚುಕ್ಕೆಗೆರೆ. ಈಗಿನವರು ಮರೆತ ಎಷ್ಟೋ ಬಂಡಿ ದಾರಿಗಳು ಆ ಹಾಳೆಗಳಲ್ಲಿ ಇನ್ನೂ ಉಸಿರಾಡುತ್ತಿವೆ. ಮೇ ಕೊನೆಯವರೆಗೆ ಹಳೆಯ ಸ್ಕೂಟರಿನಲ್ಲಿ ತಿರುಗಿ, 126 ಕಿಲೋಮೀಟರ್ ದಾರಿ ಹೊಂದಿಸಿದೆ. ಹೆದ್ದಾರಿ ಮುಟ್ಟುವುದು ಬರೀ ಮೂರು ಕಡೆ. ನಂದಿನಿ ಅದನ್ನು ಜಿಪಿಎಸ್ ಫೈಲಿಗೆ ಹಾಕಿದಳು. ಸೈಕಲ್ ಹಿಡಿಕೆಯ ಮೇಲಿನ ಪುಟ್ಟ ಯಂತ್ರ ಆ ಗೆರೆಯನ್ನು ತೋರಿಸುತ್ತದೆ. ಸವಾರರು ಗೆರೆ ಹಿಡಿದು ಹೋಗುತ್ತಾರೆ.

ನಾಲ್ಕು ಕಡೆ ಆಗಬೇಕಿದ್ದದ್ದು ಮೂರಕ್ಕಿಳಿದದ್ದು ಒಂದು ಕೆರೆಯಿಂದ. ಮಾಲೂರಿನಿಂದ ಒಂಬತ್ತು ಕಿಲೋಮೀಟರ್ ದೂರದ ಆ ಕೆರೆಯ ಹೆಸರು ಇಲ್ಲಿ ಬೇಡ. ಇಪ್ಪತ್ತು ವರ್ಷದಿಂದ ಅದರಲ್ಲಿ ನೀರು ನಿಂತದ್ದನ್ನು ನಾನು ನೋಡಿರಲಿಲ್ಲ. ಇಟ್ಟಿಗೆ ಗೂಡುಗಳಿಗೆ ಮಣ್ಣು ಸಾಗಿಸುವ ಟ್ರ್ಯಾಕ್ಟರುಗಳು ಓಡಾಡಿ ಓಡಾಡಿ, ಕೆರೆ ಅಂಗಳದ ನಡುವೆ ಈ ದಡದಿಂದ ಆ ದಡಕ್ಕೆ 1.1 ಕಿಲೋಮೀಟರ್ ದಾರಿಯೇ ಆಗಿಹೋಗಿತ್ತು. ಅಕ್ಕಪಕ್ಕ ಮಣ್ಣು ತೆಗೆದ ಗುಂಡಿಗಳು, ಕೆಲವು ಎರಡಾಳು ಆಳ. ಅದರಲ್ಲಿ ಹಾದರೆ ಹೆದ್ದಾರಿಯ ಒಂದು ತುಂಡು ತಪ್ಪುತ್ತಿತ್ತು. ನಕ್ಷೆಯಲ್ಲಿ ನೀಲಿ ಬಣ್ಣವಿದ್ದ ಕಡೆ ನಾನು ನನ್ನ ಕೈಯಾರೆ ಕೆಂಪು ಪೆನ್ನಿನಲ್ಲಿ ದಾರಿ ಎಳೆದೆ, ಪಕ್ಕದಲ್ಲಿ ‘ಒಣ ಕೆರೆ’ ಎಂದು ಬರೆದೆ.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಅದೇ ಕೆರೆಯ ದಡದಲ್ಲಿ ನಾರಾಯಣಮ್ಮ ಎಂಬ ರೈತ ಮಹಿಳೆಯ ಮನೆ, ಹಿಪ್ಪುನೇರಳೆ ತೋಟ. ಎಂಟು ವರ್ಷದ ಹಿಂದೆ ಆಕೆ ಹನ್ನೊಂದು ಗುಂಟೆ ಕೆರೆ ಅಂಗಳವನ್ನೂ ಸೇರಿಸಿ ಬೇಲಿ ಹಾಕಿ ರಾಗಿ ಬಿತ್ತಿದ್ದಳು. ಅಳೆದು, ಒತ್ತುವರಿ ಎಂದು ವರದಿ ಬರೆದವನು ನಾನೇ. ಪೈರಿದ್ದಾಗಲೇ ಬೇಲಿ ಕಿತ್ತರು. ನೀರೇ ಬರದ ಕೆರೆಗೆ ಇಷ್ಟೆಲ್ಲ ಯಾಕೆ ಎಂದು ಆಕೆ ಕೇಳಿದಾಗ, “ನೀರಿಲ್ಲದಿದ್ರೂ ಕೆರೆ ಕೆರೇನೇ ಕಣಮ್ಮ” ಎಂದು ದೊಡ್ಡ ಗಂಟಲಿನಲ್ಲಿ ಹೇಳಿದ್ದೆ. ಕಾನೂನಿನ ಪ್ರಕಾರ ನಾನು ಮಾಡಿದ್ದು ಸರಿಯೇ. ಆದರೂ ಹಸಿರು ಪೈರಿನ ಮೇಲೆ ಜೆಸಿಬಿ ಹರಿದದ್ದು ನನ್ನ ಕಣ್ಣಿನಿಂದ ಹೋಗಿರಲಿಲ್ಲ. ಮೇ ತಿಂಗಳಲ್ಲಿ ದಾರಿ ನೋಡಲು ಹೋದಾಗ ಆಕೆ ಜಗಲಿಯ ಮೇಲೆ ಕೂತಿದ್ದಳು. ನಾನು ಮುಖ ತಿರುಗಿಸಿಕೊಂಡು ಸ್ಕೂಟರ್ ಮುಂದೆ ಬಿಟ್ಟೆ.

ನಮ್ಮ ವೃತ್ತಿಯಲ್ಲಿ ಒಂದು ಕಟ್ಟುನಿಟ್ಟು ಇದೆ. ಯಾವ ಜಮೀನು ಅಳೆಯಬೇಕಾದರೂ ಮೊದಲು ಸುತ್ತಲ ಜಮೀನಿನವರಿಗೆ, ಅಂದರೆ ಬಾಜುದಾರರಿಗೆ, ನೋಟೀಸ್ ಕೊಡಬೇಕು. ಅವರ ಎದುರಿಗೇ ಅಳೆದು, ಹೇಳಿಕೆ ಬರೆದುಕೊಂಡು, ಸಹಿಯನ್ನೋ ಹೆಬ್ಬೆಟ್ಟನ್ನೋ ಪಡೆಯಬೇಕು. ಮೂವತ್ತಮೂರು ವರ್ಷದಲ್ಲಿ ಒಮ್ಮೆಯೂ ನಾನು ಇದನ್ನು ತಪ್ಪಿಸಿರಲಿಲ್ಲ. ಸೈಕಲ್ ದಾರಿಗೆ ಯಾರಿಗೆ ನೋಟೀಸು, ಯಾರ ಸಹಿ ಎಂದುಕೊಂಡೆ.

ಮೊದಲ ಪ್ರವಾಸ ಡಿಸೆಂಬರಿನಲ್ಲಿ ನಿಗದಿಯಾಯಿತು. ಹನ್ನೆರಡು ಜನ ಹೆಸರು ಕೊಟ್ಟರು. ನವೆಂಬರಿನಲ್ಲಿ ನಂದಿನಿ ಇಡೀ ದಾರಿಯನ್ನು ಒಮ್ಮೆ ಸೈಕಲ್ಲಿನಲ್ಲಿ ತುಳಿದು ನೋಡಬೇಕೆಂದಳು. ಮುಳಬಾಗಿಲಿನ ಕಡೆಯ ಏರುದಾರಿ ಮಾತ್ರ ನೋಡಿಕೋ, ಮಾಲೂರಿನದು ನನ್ನ ಅಂಗೈ ಇದ್ದ ಹಾಗೆ ಎಂದು ನಾನೇ ಆಕೆಯ ಬಾಯಿ ಮುಚ್ಚಿಸಿದೆ. ಹೆಸರು ಕೊಟ್ಟವರಲ್ಲಿ ಶಾರದಾ ಎಂಬ ಮೈಸೂರಿನ ವಿಜ್ಞಾನ ಶಿಕ್ಷಕಿ ಇದ್ದರು, ಐವತ್ತೆರಡು ವರ್ಷ. ಹೊರಡುವ ವಾರದಲ್ಲಿ ಅವರು ನನಗೇ ಫೋನ್ ಮಾಡಿ, ಒಬ್ಬಳೇ ಮಗಳು ಹೆದರುತ್ತಿದ್ದಾಳೆ, ದಾರಿ ಸರಿಯಾಗಿದೆಯಾ ಎಂದು ಕೇಳಿದರು. “ನಾನೇ ಅಳೆದ ದಾರಿ ಮೇಡಂ” ಎಂದೆ. ಅವರು ನೆಮ್ಮದಿಯಿಂದ ಫೋನ್ ಇಟ್ಟರು.

ಆ ದಿನ ಬೆಳಿಗ್ಗೆ ಆರಕ್ಕೆ ಮಾಲೂರು ಬಿಟ್ಟೆವು. ಮಂಜು ಗಟ್ಟಿಯಾಗಿತ್ತು. ಸವಾರರ ಹಿಂದೆ ಬಾಳೆಹಣ್ಣು, ನೀರು, ಪಂಕ್ಚರ್ ಸಾಮಾನು ತುಂಬಿದ ಟೆಂಪೋದಲ್ಲಿ ನಾನಿದ್ದೆ. ಏಳನೆಯ ಕಿಲೋಮೀಟರಿನಲ್ಲಿ ಮೇಲಿನ ಕೆರೆ. ಬೆಂಗಳೂರಿನ ಕಡೆಯಿಂದ ಶುದ್ಧೀಕರಿಸಿದ ನೀರನ್ನು ಪೈಪಿನಲ್ಲಿ ತಂದು ನಮ್ಮ ಕೆರೆಗಳಿಗೆ ಬಿಡುತ್ತಿದ್ದ ಕಾಲವದು. ಮೇ ತಿಂಗಳಲ್ಲಿ ಆ ಕೆರೆ ಅರ್ಧ ತುಂಬಿದ್ದನ್ನು ನೋಡಿದ್ದೆ. ಈಗ ನೋಡಿದರೆ ಕೋಡಿ ಹರಿಯುತ್ತಿತ್ತು. ಕೋಡಿ ಎಂದರೆ ಕೆರೆ ತುಂಬಿದ ಮೇಲೆ ಹೆಚ್ಚಿನ ನೀರು ಹೊರಬೀಳುವ ಕಲ್ಲುಕಟ್ಟೆ. ನನಗೆ ಹಿಗ್ಗೋ ಹಿಗ್ಗು. ಎಲ್ಲರನ್ನೂ ನಿಲ್ಲಿಸಿ, ನಮ್ಮ ಹಿರಿಯರು ಕೆರೆಗೆ ಕೆರೆ ಹೊಂದಿಸಿದ್ದರು, ಒಂದರ ಕೋಡಿ ನೀರು ಕಾಲುವೆಯಲ್ಲಿ ಇಳಿದು ಇನ್ನೊಂದನ್ನು ತುಂಬುತ್ತದೆ ಎಂದು ಹತ್ತು ನಿಮಿಷ ಭಾಷಣ ಬಿಗಿದೆ. ಶಾರದಾ ಅವರು ಫೋಟೋ ತೆಗೆದುಕೊಂಡರು.

ಭಾಷಣ ಮಾಡಿದ ಬಾಯಿ ನನ್ನದೇ, ಆ ಕಾಲುವೆಯನ್ನು ನಕ್ಷೆಯಲ್ಲಿ ನೂರು ಸಲ ನೋಡಿದ ಕಣ್ಣೂ ನನ್ನದೇ. ಆ ನೀರು ಮುಂದೆ ಎಲ್ಲಿಗೆ ಹೋಗಿರಬಹುದು ಎಂಬ ಯೋಚನೆ ಮಾತ್ರ ತಲೆಗೆ ಬರಲಿಲ್ಲ. ಇವತ್ತಿಗೂ ಇದನ್ನು ನೆನೆದರೆ ನನಗೆ ನಂಬಲು ಆಗುವುದಿಲ್ಲ.

ಸೈಕಲ್‌ಗಳು ಮುಂದೆ ಹೋದವು. ಒಬ್ಬರ ಚೈನ್ ಕಳಚಿದ್ದರಿಂದ ನಂದಿನಿ ಹಿಂದೆ ಉಳಿದಳು. ಟೆಂಪೋ ಕೆರೆ ಅಂಗಳದಲ್ಲಿ ಹೋಗುವಂತಿರಲಿಲ್ಲ, ಆದ್ದರಿಂದ ನಾವು ಟಾರು ರಸ್ತೆ ಸುತ್ತಿಕೊಂಡು ಕೆರೆಯ ಆಚೆ ದಡಕ್ಕೆ ಹೋಗಿ ಕಾಯುವುದೆಂದು ಮಾತಾಗಿತ್ತು. ಆಚೆ ದಡದಲ್ಲಿ ಇಳಿದು, ಬಾಳೆಹಣ್ಣಿನ ಬುಟ್ಟಿ ಕೈಯಲ್ಲಿ ಹಿಡಿದು, ಸವಾರರು ಮೇಲೆ ಬರಬೇಕಾದ ಕಡೆ ನೋಡಿದೆ. ಟ್ರ್ಯಾಕ್ಟರ್ ದಾರಿ ನನ್ನ ಕಾಲ ಬಳಿಯಿಂದ ಹತ್ತು ಹೆಜ್ಜೆ ಇಳಿದು ನೀರಿನೊಳಗೆ ಹೋಗಿತ್ತು. ಮಂಜಿನಲ್ಲಿ ಕಣ್ಣಿಗೆ ಕಂಡಷ್ಟೂ ನೀರು. ಅದರ ಮೇಲೆ ಅಂತರಗಂಗೆ ಎಂಬ ತೇಲುವ ಕಳೆ ಹಬ್ಬಿ, ದೂರಕ್ಕೆ ಹುರುಳಿ ಹೊಲದ ಹಾಗೆ ಹಸಿರಾಗಿ ಕಾಣುತ್ತಿತ್ತು.

ಬುಟ್ಟಿ ಯಾವಾಗ ಬಿತ್ತೋ ತಿಳಿಯದು. ಫೋನ್ ಹಚ್ಚಿದರೆ ನಂದಿನಿ ಎತ್ತಲಿಲ್ಲ. ಅಷ್ಟರಲ್ಲಿ ನೀರಿನ ಆಚೆಯಿಂದ ಒಂದು ಹೆಂಗಸಿನ ಕೂಗು, ಹಿಂದೆಯೇ ಹಲವರ ಕೂಗು ಕೇಳಿದವು. ಟೆಂಪೋ ತಿರುಗಿಸಿ ಸುತ್ತಿ ಬಂದಿದ್ದ ನಾಲ್ಕೂವರೆ ಕಿಲೋಮೀಟರ್ ಹಿಂದಕ್ಕೆ ಹೋದೆವು, ಎಂಟು ನಿಮಿಷ ಹಿಡಿಯಿತು. ಡ್ರೈವರ್ ಏನೋ ಕೇಳುತ್ತಲೇ ಇದ್ದ.

ಆದದ್ದು ಇಷ್ಟು. ಶಾರದಾ ಎಲ್ಲರಿಗಿಂತ ಮುಂದಿದ್ದರು. ಹುಣಸೆ ತೋಪು ದಾಟಿದ ಕೂಡಲೇ ದಾರಿ ಕೆರೆಗೆ ಇಳಿಜಾರು. ಯಂತ್ರದ ಗೆರೆ ನೇರ ತೋರಿಸುತ್ತಿತ್ತು, ಎದುರಿಗೆ ಹಸಿರು. ಅವರು ವೇಗದಲ್ಲೇ ಒಳಗೆ ನುಗ್ಗಿದ್ದರು. ಅವರದು ಕ್ಲಿಪ್ ಪೆಡಲ್, ಅಂದರೆ ಶೂ ತಳದ ಕೊಂಡಿ ಪೆಡಲಿಗೆ ಸಿಕ್ಕಿಕೊಂಡಿರುತ್ತದೆ. ಹಿಮ್ಮಡಿ ಹೊರಕ್ಕೆ ತಿರುಗಿಸಿದರೆ ಮಾತ್ರ ಬಿಡುತ್ತದೆ. ಗಾಬರಿಯಲ್ಲಿ ಒಂದು ಕಾಲು ಬಿಡಲಿಲ್ಲ. ಸೈಕಲ್ ಸಮೇತ ದಾರಿಯ ಪಕ್ಕದ ಮಣ್ಣಿನ ಗುಂಡಿಗೆ ಜಾರಿದ್ದರು. ಹಿಂದಿನವರು ಬ್ರೇಕ್ ಹಿಡಿದು ನಿಂತರು. ಯಾರಿಗೂ ಈಜು ಬರುತ್ತಿರಲಿಲ್ಲ.

ನಾನು ಹೋಗಿ ನೋಡುವಾಗ ಶಾರದಾ ದಡದ ಮೇಲೆ ಮಲಗಿದ್ದರು, ಮುಖ ನೀಲಿ. ಅಷ್ಟರಲ್ಲಿ ಬಂದು ಸೇರಿದ್ದ ನಂದಿನಿ ಮಂಡಿಯೂರಿ ಅವರ ಎದೆಯನ್ನು ಒತ್ತುತ್ತಿದ್ದಳು, ಜೋರಾಗಿ ಎಣಿಸುತ್ತಿದ್ದಳು. ಆ ಎಣಿಕೆ ಎಷ್ಟಕ್ಕೆ ಹೋಯಿತೋ, ಎಣಿಸುವುದೇ ಬದುಕಾಗಿದ್ದ ನನಗೆ ಗೊತ್ತಿಲ್ಲ. ಕೊನೆಗೆ ಶಾರದಾ ಕೆಮ್ಮಿದರು, ನೀರು ಕಕ್ಕಿದರು. ಅವರ ಪಕ್ಕದಲ್ಲಿ, ಕುತ್ತಿಗೆಯವರೆಗೆ ನೆಂದು, ಕೈಯಲ್ಲಿ ಹುಣಸೆ ಕೀಳುವ ಉದ್ದನೆಯ ದೋಟಿ ಹಿಡಿದು ನಡುಗುತ್ತಾ ಒಬ್ಬ ಹೆಂಗಸು ನಿಂತಿದ್ದಳು. ರೇಷ್ಮೆ ಹುಳಕ್ಕೆ ಸೊಪ್ಪು ಕೊಯ್ಯುತ್ತಿದ್ದವಳು ಓಡಿಬಂದು, ನೀರಿಗಿಳಿದು, ದೋಟಿಯ ಕೊಕ್ಕೆಯನ್ನು ಬೆನ್ನಿನ ಚೀಲದ ಪಟ್ಟಿಗೆ ಹಾಕಿ ಎಳೆದಿದ್ದಳು. ಅವಳು ನಾರಾಯಣಮ್ಮ. ನನ್ನನ್ನು ಗುರುತು ಹಿಡಿದಳು. ಒಂದು ಒಣ ಬಟ್ಟೆ ಇದ್ದರೆ ಕೊಡಿ ಎಂದು ಮಾತ್ರ ಕೇಳಿದಳು.

ಆಂಬುಲೆನ್ಸಿನಲ್ಲಿ ಶಾರದಾ ಅವರನ್ನು ಕೋಲಾರಕ್ಕೆ ಸಾಗಿಸಿದೆವು. ಐದು ದಿನ ಆಸ್ಪತ್ರೆಯಲ್ಲಿದ್ದರು. ಮೂರನೆಯ ದಿನ ನಾನು ಕ್ಷಮೆ ಕೇಳಲು ಹೋದೆ. ಅವರ ಮಗಳು ನನ್ನನ್ನು ನೋಡಿ ಎದ್ದು ಹೊರಗೆ ಹೋದಳು. ಶಾರದಾ ಕೋಪ ಮಾಡಲಿಲ್ಲ, ನಿಧಾನವಾಗಿ ಹೇಳಿದರು: “ಎದುರಿಗೆ ಏನೋ ಹೊಳೀತಾ ಇದೆ ಅಂತ ಅನ್ನಿಸ್ತು ಸಾರ್. ನೀವು ಅಳೆದ ದಾರಿ ಅಲ್ವಾ, ಅದಕ್ಕೇ ಬ್ರೇಕ್ ಹಿಡೀಲಿಲ್ಲ.” ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತೆ, ಅದನ್ನು ಬರೆಯಲು ನಾಚಿಕೆಯಿಲ್ಲ.

ಮರುವಾರ ನಾರಾಯಣಮ್ಮನ ಮನೆಗೆ ಹೋದೆ. ನೀರು ಯಾವಾಗ ಬಂತು ಎಂದು ಕೇಳಿದೆ. ದಸರೆಯಿಂದಲೇ ಬರುತ್ತಿದೆ, ಊರಿಗೆಲ್ಲ ಗೊತ್ತು ಎಂದಳು. ಕಾಫಿ ಲೋಟ ನನ್ನ ಮುಂದಿಟ್ಟು, ಬೇಸಿಗೆಯಿಂದ ಮನಸ್ಸಿನಲ್ಲಿಟ್ಟುಕೊಂಡಿದ್ದ ಮಾತನ್ನು ಆಗ ಆಡಿದಳು.

“ನನ್ನ ಬೇಲಿ ಕೀಳ್ಸೋಕೆ ಮೂರು ಸಲ ನೋಟೀಸ್ ಕೊಟ್ರಿ ಸಾಮಿ. ಈ ದಾರಿ ಮಾಡೋವಾಗ ಒಂದು ಮಾತು ಕೇಳ್ಬಾರದಾಗಿತ್ತಾ? ಬೇಸಿಗೇಲಿ ಮನೆ ಮುಂದೇನೇ ಹೋದ್ರಿ. ನಾನು ನೋಡ್ದೆ. ಕೇಳಿದ್ದಿದ್ರೆ, ಮೇಲ್ಗಡೆ ಕೆರೆ ತುಂಬ್ತಾ ಐತೆ, ಮುಂದಕ್ಕೆ ಇಲ್ಲಿಗೂ ಬರ್ತದೆ ಅಂತ ಆವತ್ತೇ ಹೇಳ್ತಿದ್ದೆ.”

ಬಾಜುದಾರಳ ಹೇಳಿಕೆ ಪಡೆಯದೆ ನಾನು ಅಳೆದ ಒಂದೇ ಒಂದು ದಾರಿ ಅದು. ಕಾರಣ ಮರೆವಲ್ಲ, ಆ ಮುಖ ನೋಡಲು ನನಗೆ ಧೈರ್ಯ ಇರಲಿಲ್ಲ.

ಇಡೀ 126 ಕಿಲೋಮೀಟರನ್ನು ಮತ್ತೆ ಮಾಡಿದೆ, ಈ ಸಲ ನಡೆದು. ಪ್ರತಿ ಕೆರೆ, ಕಾಲುವೆ, ತೋಪಿನ ಬಳಿ ಪಕ್ಕದವರನ್ನು ಮಾತಾಡಿಸಿ ಹೇಳಿಕೆ ಬರೆದುಕೊಂಡೆ. ಶ್ರೀನಿವಾಸಪುರದ ಕಡೆ ಅರ್ಧಕ್ಕರ್ಧ ತೆಲುಗಿನಲ್ಲಿ. ಮೂವತ್ತೊಂಬತ್ತು ಹೇಳಿಕೆಗಳಾದವು, ಮೊದಲ ಸಹಿ ನಾರಾಯಣಮ್ಮನದು. ಹೊಸ ದಾರಿ ಕೆರೆ ಏರಿಯ ಮೇಲೆ ಹೋಗುತ್ತದೆ. ಪ್ರತಿ ಪ್ರವಾಸದ ಹಿಂದಿನ ದಿನ ನಂದಿನಿ ಮೊದಲು ಫೋನ್ ಮಾಡುವುದು ಆಕೆಗೆ.

ಮುಂದಿನ ಡಿಸೆಂಬರಿನಲ್ಲಿ ಶಾರದಾ ಮತ್ತೆ ಬಂದರು, ಮಗಳನ್ನೂ ಕರೆತಂದರು. ಏರಿ ಶುರುವಾಗುವ ಕಡೆ ಸೈಕಲ್ಲಿನಿಂದ ಇಳಿದರು. ನಾನು ನಕ್ಷೆ ಹಿಡಿದು ಅಲ್ಲೇ ನಿಂತಿದ್ದೆ. ಅವರು ನನಗೆ ನಮಸ್ಕಾರ ಹೇಳಿ, ನನ್ನನ್ನು ದಾಟಿ, ಸೊಪ್ಪಿನ ಕಂತೆ ಹೊತ್ತು ನಿಂತಿದ್ದ ನಾರಾಯಣಮ್ಮನ ಹತ್ತಿರ ಹೋಗಿ ಕೇಳಿದರು: “ದಾರಿ ಸರಿಯಾಗಿದೆಯಾ ಅಮ್ಮ?”

ಮನಸ್ಸು ಚುರ್ ಎನ್ನಲಿಲ್ಲ ಎಂದರೆ ಸುಳ್ಳಾದೀತು. ಆದರೆ ಕೇಳಬೇಕಾದವರನ್ನೇ ಕೇಳಿದ್ದರು. ಮೂವತ್ತಮೂರು ವರ್ಷ ನೋಟೀಸ್ ಹಂಚಿದರೂ ನಾನು ಕಲಿಯದೇ ಉಳಿದದ್ದು ಇದನ್ನೇ. ನಾರಾಯಣಮ್ಮ ಒಮ್ಮೆ ಕೆರೆಯ ಕಡೆ ತಿರುಗಿ ನೋಡಿ, ಆಮೇಲೆ “ಹೋಗಿ” ಎಂದಳು.