ಕನ್ನಡಿಯಲ್ಲಿ ಸಿಕ್ಕ ಮುಖ

ನಂಗಲಿಯ ಹೆದ್ದಾರಿ ಬದಿಯಲ್ಲಿ ಲಿಯಾಖತ್ ಭಾಯಿಯದು ಒಂದೇ ಕುರ್ಚಿಯ ಕ್ಷೌರದಂಗಡಿ. ಇಪ್ಪತ್ತಾರು ವರ್ಷದಿಂದ ಲಾರಿ ಡ್ರೈವರುಗಳ ಗಡ್ಡ ಕೆರೆಯುತ್ತಾ, ಎದುರಿನ ಕನ್ನಡಿಯಲ್ಲಿ ಅವರ ಮುಖ ಓದಿಕೊಂಡು ಬಂದ ಮನುಷ್ಯ.

"ಏನ್ಲಾ ವೆಂಕಟ್, ಓನರ್ ಹತ್ರ ಬೈಸ್ಕೊಂಡು ಬಂದ್ಯಾ?"

"ನಿಂಗ್ಯಾರು ಹೇಳಿದ್ರು ಭಾಯ್?" ಎನ್ನುತ್ತಿದ್ದ ವೆಂಕಟ್, ನೊರೆಯೊಳಗಿಂದಲೇ.

ಕನ್ನಡಿಯ ಕೆಳಗೆ ಅಪ್ಪನ ಕಾಲದ ಹಲ್ಲು ಕೀಳುವ ಇಕ್ಕಳ. ಈಗ ಯಾರೂ ಬಾಯಿ ಕೊಡುವುದಿಲ್ಲ. ಆದರೂ ಭಾಯಿ ಪ್ರತಿ ಶುಕ್ರವಾರ ಅದಕ್ಕೆ ಎಣ್ಣೆ ಹಚ್ಚಿ, ಒಂದೇ ಒಂದು ಹಲ್ಲು ಸಿಗಲಿ ಎಂದು ಕಾಯುತ್ತಿದ್ದ.

ಇಂಥವನಿಗೆ ಹೆಂಡತಿ ಮೆಹರ್ ಬಾನುವಿನ ಮುಖ ಮಾತ್ರ ಒರೆಸಿಟ್ಟ ಹಲಗೆ. ಮೂರು ದಿನದಿಂದ ಆಕೆಗೆ ಮಾತಿಲ್ಲ. ಹುಬ್ಬು ಗಂಟು, ತುಟಿ ಬಿಗಿ. ಕೋಪವೆಂದುಕೊಂಡ ಭಾಯಿ ಮೊದಲ ದಿನ ಮಲ್ಲಿಗೆ ತಂದ, ಎರಡನೇ ದಿನ ಕಡ್ಲೆಮಿಠಾಯಿ. ಮಿಠಾಯಿ ಕಂಡು ಹುಬ್ಬು ಇನ್ನೂ ಬಿಗಿಯಿತು. ಮೂರನೇ ದಿನ ಬೆಳಿಗ್ಗೆ ಬ್ಯಾಗು ತುಂಬಿಟ್ಟು, "ಮಾಲೂರಿಗೆ ಹೋಗ್ತೀನಿ, ಅಕ್ಕನ ಮನೆಗೆ" ಅಂದಳು. ಭಾಯಿ ಗಾಬರಿಯಾದ. ಬಿಟ್ಟೇ ಹೋಗುವಂಥ ಕೋಪವೇ? ತಾನು ಮಾಡಿದ್ದಾದರೂ ಏನು?

ಕಾಲೇಜಿನಲ್ಲಿ ಮನಶ್ಶಾಸ್ತ್ರ ಓದುವ ಮಗಳು ಬುಶ್ರಾಳನ್ನು ಮೂಲೆಗೆ ಕರೆದ. "ಅಮ್ಮಿಗೆ ಏನಾಗಿದೆ, ನೋಡಿ ಹೇಳೇ."

"ಮುಖ ನೋಡಿ ಮೊದಲ್ನೇ ದಿನಾನೇ ಗೊತ್ತಾಯ್ತು ಅಬ್ಬಾ. ಹೇಳಂಗಿಲ್ಲ, ಆಣೆ ಹಾಕಿಸ್ಕೊಂಡಿದಾರೆ."

"ನಂಗ್ಯಾಕೆ ಗೊತ್ತಾಗ್ಲಿಲ್ಲ?"

"ಮುಖದ ಭಾವ ಗುರುತಿಸೋದ್ರಲ್ಲಿ ಹೆಂಗಸರ ಮೆದುಳು ಸರಾಸರಿ ಒಂಚೂರು ಚುರುಕಂತೆ. ಒಂಚೂರು ಅಷ್ಟೇ! ಮಿಕ್ಕಿದ್ದೆಲ್ಲ ರೂಢಿ. ನೀವು ಮನೇಲಿ ತಟ್ಟೆ ನೋಡ್ತೀರ, ಅಮ್ಮೀನ ಎಲ್ಲಿ ನೋಡ್ತೀರ?"

ರೂಢಿ ಅಂದಿದ್ದೇ ತಡ, ಭಾಯಿ ತನಗೆ ರೂಢಿಯಾದ ಕನ್ನಡಿಗಾಗಿ ಅಂಗಡಿಗೆ ಓಡಿದ. ಕನ್ನಡಿ ಕಿತ್ತು ತಂದು ಒಲೆಯ ಹಿಂದಿನ ಗೋಡೆಗೆ ಆನಿಸಿದ. ಹೆಗಲಿಗೆ ಟವೆಲ್ ಹಾಕಿಕೊಂಡು, ಒಲೆ ಮುಂದೆ ಅಡುಗೆಯಲ್ಲಿದ್ದ ಹೆಂಡತಿಯ ಬೆನ್ನ ಹಿಂದೆ ನಿಂತ. ಆಹಾ, ಆ ಮುಖ ಗಿರಾಕಿಯ ಮುಖದಂತೆ ತೆರೆದುಕೊಂಡಿತು! ಎಡಗೆನ್ನೆ ಬಿಗಿದಿತ್ತು, ಒಳಗೆ ನಾಲಿಗೆ ಏನನ್ನೋ ಕಾವಲು ಕಾಯುತ್ತಿತ್ತು. ಇಂಥ ಸಾವಿರ ದವಡೆ ಬೋಳಿಸಿದ್ದ ಆತ. ಕೋಪವಲ್ಲ, ಹಲ್ಲುನೋವು!

ಭಾಯಿಯ ಮುಖ ಅರಳಿತು. ಅದೇ ಕನ್ನಡಿಯಲ್ಲಿ ಮೆಹರ್ ಬಾನು ಅದನ್ನು ರೆಪ್ಪೆ ಬಡಿಯುವುದರೊಳಗೆ ಓದಿಬಿಟ್ಟಳು.

"ಇದಕ್ಕೇ ಹೇಳ್ಲಿಲ್ಲ ನಾನು! ಅಕ್ಕನ ಮನೆ ಪಕ್ಕ ಹಲ್ಲಿನ ಡಾಕ್ಟ್ರಿದಾರೆ ಅಂತ ಹೊರಟಿದ್ದು. ಆ ಇಕ್ಕಳ ಮುಟ್ಟಿದ್ರೆ ನೋಡಿ!"

"ನಾನೆಲ್ಲೇ ಇಕ್ಕಳ ಅಂದೆ?"

"ಮುಖದಲ್ಲಿ ಅಂದ್ರಿ."

ಬ್ಯಾಗು ಹೊತ್ತುಕೊಂಡು ಭಾಯಿಯೂ ಮಾಲೂರಿಗೆ ಹೊರಟ.