ಭಾವ ಓಡಿದರು, ನಾನು ಊರು ನೋಡಿದೆ

ನಮ್ಮ ಅಕ್ಕನ ಗಂಡ ದರ್ಜಿ. ಮೂವತ್ತು ವರ್ಷ ಕೂತೇ ಹೊಲಿದವರಿಗೆ ಐವತ್ತೆರಡನೇ ವಯಸ್ಸಿನಲ್ಲಿ ಡಾಕ್ಟರು, "ದಿನಾ ಸ್ವಲ್ಪ ನಡೀರಿ" ಅಂದರು. ಯಾವ ಅಳತೆ ಹೇಳಿದರೂ ಒಂದಿಂಚು ಹೆಚ್ಚಿಗೆ ಬಿಡುವುದು ಭಾವನ ಅಭ್ಯಾಸ. ನಡೆಯಿರಿ ಅಂದದ್ದಕ್ಕೆ ಓಡತೊಡಗಿದರು. ಎರಡು ವರ್ಷದಲ್ಲಿ ಇಪ್ಪತ್ತೊಂದು ಕಿಲೋಮೀಟರಿಗೆ ಬಂದರು. ಬೆವರು ಒರೆಸಿಕೊಳ್ಳುತ್ತಾ ಅಂಗಡಿ ಬಾಗಿಲು ತೆಗೆಯುವಾಗ ಎದುರಿನ ಗುಂಡಿ ಅಂಗಡಿಯವನು ಕೇಳುತ್ತಿದ್ದ, "ಯಾರು ಅಟ್ಟಿಸ್ಕೊಂಡು ಬಂದ್ರು ಮಾಸ್ಟ್ರೇ? ಬಟ್ಟೆ ಕೊಟ್ಟು ಮೂರು ತಿಂಗಳಾದವರಾ?"

ಭಾವನಿಗಿದ್ದದ್ದು ಒಂದೇ ಆಸೆ. ಎರಡೂವರೆ ಗಂಟೆಯೊಳಗೆ ಓಡಿ, ತನ್ನ ಹೆಸರೂ ಸಮಯವೂ ಅಚ್ಚಾದ ಕಾಗದವನ್ನು ಅವನ ಮುಖಕ್ಕೆ ಹಿಡಿಯುವುದು.

ಹೊರದೇಶದ ಓಟವನ್ನು ಹುಡುಕಿದವನು ನಾನು. ಓಟದ ನೆಪದಲ್ಲಿ ಊರು ನೋಡಬಹುದೆಂಬ ದೂರಾಲೋಚನೆ. ಓಡಿದರೆ ನನ್ನ ಹೊಟ್ಟೆ ನನಗಿಂತ ಮುಂದೆ ಹೋಗುವುದರಿಂದ ನಾನು ಸೇರಿದ್ದು ಐದು ಕಿಲೋಮೀಟರಿಗೆ. ಅಲ್ಲಿನ ಭಾಷೆ ನನಗೆ ಬರುತ್ತದೆಂದು ಅಕ್ಕನ ಮುಂದೆ ಎದೆ ತಟ್ಟಿಕೊಂಡೂ ಆಗಿತ್ತು.

ಓಟದ ಹಿಂದಿನ ದಿನ ಎದೆಗೆ ಹಾಕುವ ನಂಬರ್ ಚೀಟಿ ಕೊಟ್ಟರು. ಜೊತೆಗೆ ಎರಡು ಪುಟದ ಸೂಚನೆ. ಭಾವ ಅದನ್ನು ಹೋಟೆಲಿನ ಮಂಚದ ಮೇಲೆ ಹರವಿ, "ಪೂರ್ತಿ ಓದಿ ಹೇಳು" ಅಂದರು. ಊರು ತೋರಿಸುವ ಬಸ್ಸು ಹೊರಡಲು ಹತ್ತು ನಿಮಿಷವಿತ್ತು.

"ಏನಿಲ್ಲ ಭಾವ. ನೀರು ಕುಡೀರಿ, ನಂಬರ್ ಕಾಣೋ ಹಾಗಿರಲಿ, ಅಷ್ಟೇ. ಬನ್ನಿ ಹೋಗೋಣ."

"ನೀನು ಹೋಗು. ನಾನು ಕಾಲಿಗೆ ರೆಸ್ಟ್ ಕೊಡ್ತೀನಿ."

ಕಾಗದವನ್ನು ಜೇಬಿಗೆ ತುರುಕಿಕೊಂಡು ಹೋದೆ. ಪಿನ್ನು ಚುಚ್ಚಿಕೊಂಡು ನಾಲ್ಕು ಜನರ ಮುಂದೆ ಹೋಗುವುದು ದರ್ಜಿಗೆ ಅವಮಾನ. ಭಾವ ಸೂಜಿದಾರ ತೆಗೆದು ಚೀಟಿಯನ್ನು ಅಂಗಿಗೇ ಹೊಲಿದರು. ನಾಲ್ಕು ಅಂಚಿಗೂ ಹೊಲಿಗೆ, ಗಾಳಿಗೆ ಉಬ್ಬದಿರಲೆಂದು ನಡುವೆ ಇನ್ನೆರಡು ಸಾಲು. ಬಂದು ನೋಡಿದ ನಾನು, "ಅಂಗಿ ಜೊತೆಗೇ ಹುಟ್ಟಿದ ಹಾಗಿದೆ" ಅಂತ ಹೊಗಳಿದೆ.

ಚೀಟಿಯ ಬೆನ್ನಿಗಂಟಿದ ತೆಳು ಪಟ್ಟಿಯೇ ಸಮಯ ಅಳೆಯುವ ಚಿಪ್, ಅದನ್ನು ಮಡಚಬಾರದು, ಚುಚ್ಚಬಾರದು ಎಂದು ಎರಡನೇ ಪುಟದಲ್ಲಿ ದಪ್ಪ ಅಕ್ಷರದಲ್ಲಿತ್ತು. ಅದನ್ನು ನಾನು ಓದಿದ್ದು ಓಟ ಮುಗಿದ ಮೇಲೆ.

ಭಾವ ಗುರಿ ದಾಟಿದಾಗ ಗಡಿಯಾರದಲ್ಲಿ ಎರಡು ಗಂಟೆ ಇಪ್ಪತ್ತೇಳು ನಿಮಿಷವಂತೆ. ಅಂತೆ, ಏಕೆಂದರೆ ನಾನು ಅಲ್ಲಿರಲಿಲ್ಲ. ಫಲಿತಾಂಶದ ಪಟ್ಟಿಯಲ್ಲಿ ಭಾವ ಇರಲಿಲ್ಲ. ನಾನಿದ್ದೆ, ಐದು ಕಿಲೋಮೀಟರಿಗೆ ಐವತ್ತೆಂಟು ನಿಮಿಷ. ಮೇಜಿನ ಹಿಂದಿದ್ದ ಹೆಂಗಸು ಹೊಲಿಗೆಯನ್ನು ಮೊದಲು ಮೆಚ್ಚಿಕೊಂಡಳು, ಆಮೇಲೆ ಚಿಪ್ಪಿಗೇ ಸೂಜಿ ಹೊಕ್ಕಿದೆ ಎಂದು ತಲೆಯಾಡಿಸಿದಳು. ಗಡಿಯಾರದ ಕೆಳಗೆ ಗೆರೆ ದಾಟುವ ಫೋಟೋ ಇದ್ದರೆ ಕೈಯಲ್ಲೇ ಬರೆದುಕೊಡುತ್ತೇನೆ ಅಂದಳು. ಭಾವ ನನ್ನತ್ತ ತಿರುಗಿದರು. ಫೋಟೋ ನನ್ನ ಪಾಲಿನ ಕೆಲಸವಾಗಿತ್ತು. ಫೋನಿನಲ್ಲಿ ಸೇತುವೆಯಿತ್ತು, ಗೋಪುರವಿತ್ತು, ಕಾರಂಜಿಯ ಮುಂದೆ ಹಲ್ಲು ಕಿರಿದ ನಾನಿದ್ದೆ.

"ತಪ್ಪು ನನ್ನ ಸೂಜೀದು, ಬಿಡು" ಅಂದರು ಭಾವ. ನಾನು ಬಾಯಿ ಬಿಡಲಿಲ್ಲ.

ಊರಿಗೆ ಬಂದು ಎರಡು ವಾರವಾದರೂ ಬಿಡಲಿಲ್ಲ. ಒಂದು ಮಧ್ಯಾಹ್ನ ನಾನು ಭಾವನ ಅಂಗಡಿಯಲ್ಲಿದ್ದಾಗ ಗುಂಡಿ ಅಂಗಡಿಯವನು ಗಿರಾಕಿಗಳೆದುರೇ, "ಫೋನಲ್ಲಿ ಪಟ್ಟಿ ಹುಡುಕಿದೆ ಮಾಸ್ಟ್ರೇ. ಭಾವಮೈದುನ ಸಿಕ್ಕಿದ, ನೀವು ಸಿಗ್ಲಿಲ್ಲ. ಮಧ್ಯೆ ಬಸ್ ಹತ್ತಿಬಿಟ್ರಾ?" ಅಂದ. ಭಾವ ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದವರು ತಲೆಯೆತ್ತಲಿಲ್ಲ. ಕಿವಿ ಮಾತ್ರ ಕೆಂಪಾಯಿತು.

ಆಗ ಹೇಳಿದೆ. ಎರಡನೇ ಪುಟ, ಬಸ್ಸು, ಕಾರಂಜಿ, ಎಲ್ಲ. ಮುಗಿಸುವಷ್ಟರಲ್ಲಿ ಊಟದ ಡಬ್ಬಿ ತಂದ ಅಕ್ಕ ಬಾಗಿಲಲ್ಲಿ ನಿಂತಿದ್ದಳು.

"ಆ ಅಂಗಿ ನೋಡ್ಕೊಂಡು ದಿನಾ ತಮ್ಮನ್ನ ತಾವೇ ಬೈಕೋತಿದ್ರು ಕಣೋ. ನೀನು ಪಕ್ಕದಲ್ಲೇ ಕೂತು ಇನ್ನೊಂದು ತುತ್ತು ಹಾಕು ಅಂತಿದ್ದೆ."

ಗುಂಡಿಯವನು ನಗಲಿಲ್ಲ. ಭಾವ ಸೀಮೆಸುಣ್ಣ ಕೆಳಗಿಟ್ಟು, ಬೇಸರವೂ ಇಲ್ಲದ ದನಿಯಲ್ಲಿ ಅಂದರು, "ಓದೋಕೆ ಪುರುಸೊತ್ತಿಲ್ಲ ಅಂದಿದ್ರೆ ಹೋಟೆಲಿನವರನ್ನ ಕೇಳ್ಕೋತಿದ್ನಲ್ಲಪ್ಪ."

ಬೈದಿದ್ದರೆ ಹೇಗೋ ಅರಗಿಸಿಕೊಳ್ಳುತ್ತಿದ್ದೆ.

ಮುಂದಿನ ವರ್ಷ ಅದೇ ಓಟಕ್ಕೆ ಭಾವ ಮತ್ತೆ ಹೊರಟಿದ್ದಾರೆ. ಫೋಟೋ ತೆಗೆಯಲು ಗುಂಡಿ ಅಂಗಡಿಯವನು ಹೋಗುತ್ತಿದ್ದಾನೆ. ನನ್ನನ್ನು ಯಾರೂ ಬಾ ಅನ್ನಲಿಲ್ಲ. ಬರಲಾ ಅಂತ ಕೇಳುವ ಮುಖ ನನಗೂ ಇರಲಿಲ್ಲ.